ತಕ್ಕಡಿಯ ಇನ್ನೊಂದು ತಟ್ಟೆ

ಇಲವಾಲದಲ್ಲಿ ಬೆಳಗಿನ ಆರೂವರೆಗೆ ಹೆದ್ದಾರಿಯ ಪಕ್ಕ ನಿಂತೆ. ಮೈಸೂರಿನಿಂದ ಬರುವ ಮಡಿಕೇರಿ ಬಸ್ಸಿಗೆ ಕೈ ಅಡ್ಡ ಹಿಡಿದರೆ ಹತ್ತಬಹುದು. ಮದುವೆ, ತಿಥಿ, ತಲಕಾವೇರಿ ಎಂದು ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಈ ಸಲ ಮಾತ್ರ ಹೊರಟದ್ದು ಒಂದು ಹಳೆಯ ಪ್ರಶ್ನೆಯನ್ನು ಹೊತ್ತುಕೊಂಡು.

ಪ್ರಶ್ನೆ ನನ್ನ ತಂಗಿಯ ಮಗಳದು. ಅವಳು ಇಂಗ್ಲೆಂಡಿನಲ್ಲಿದ್ದಾಳೆ. ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು 2016ರ ಜೂನ್ 23ರಂದು ಬ್ರಿಟನ್ ತನ್ನ ಮತದಾರರನ್ನು ಕೇಳಿತು. ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸವಿದ್ದರೆ ಅವರಿಗೂ ಮತವಿತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇವಳೂ ಮತ ಹಾಕಿದಳು. ಬಿಡೋಣ ಎಂದವರು ಶೇ. 51.9, ಇರೋಣ ಎಂದವರು ಶೇ. 48.1. ಮರುದಿನ ಫೋನು ಮಾಡಿದಾಗ ಅವಳ ದನಿ ಸಣ್ಣದಾಗಿತ್ತು. "ಮಾವ, ನಮ್ಮ ಬೀದೀಲಿ ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ನಮ್ಮ ಕಡೆ ಯಾವತ್ತಾದ್ರೂ ಜನರನ್ನ ಹೀಗೆ ಕೇಳಿದ್ರಾ? ಸೋತವರು ಆಮೇಲೆ ಏನು ಮಾಡಿದ್ರು?"

ಆಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮೂರ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಜನರು ಒಮ್ಮತಕ್ಕೆ ಬಂದ ಕಾರಣಕ್ಕೆ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಗ್ರಾಮದಾನದ ಬಗ್ಗೆ ಮಾತಾಡಲು ನೆಹರೂ, ವಿನೋಬಾ ಭಾವೆ, ಜಯಪ್ರಕಾಶ ನಾರಾಯಣ, ಇ.ಎಂ.ಎಸ್. ನಂಬೂದಿರಿಪಾಡ್ ಇಲವಾಲದಲ್ಲೇ ಸೇರಿದ್ದರು. ಬೇರೆ ಬೇರೆ ಪಕ್ಷದವರು ಒಂದೇ ಮಾತಿಗೆ ಬಂದು ಎದ್ದರು. ಆದರೆ ನನ್ನ ಸೋದರ ಸೊಸೆ ಕೇಳಿದ್ದು ಒಮ್ಮತ ಸಿಗದ ಊರಿನ ಕಥೆ. ಅಂಥ ಊರು ನಮ್ಮ ರಸ್ತೆಯ ಇನ್ನೊಂದು ತುದಿಯಲ್ಲೇ ಇದೆ ಎಂದು ಹೊಳೆಯಲು ನನಗೆ ವರ್ಷಗಳೇ ಬೇಕಾದವು.

ಬಸ್ಸು ಬಿಳಿಕೆರೆ ದಾಟಿತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಅಲ್ಲಿಂದ ಮುಂದೆ ಹೊಗೆಸೊಪ್ಪಿನ ಹೊಲ, ಎಲೆ ಹದ ಮಾಡುವ ಬ್ಯಾರನ್‌ಗಳು. ಪಿರಿಯಾಪಟ್ಟಣ ಕಳೆದು ಬೈಲಕುಪ್ಪೆ ಬಂದಾಗ ಮೆರೂನ್ ಬಟ್ಟೆಯ ಇಬ್ಬರು ಭಿಕ್ಷುಗಳು ಇಳಿದುಹೋದರು. ನಿಮ್ಮ ನಾಡು ಯಾರ ಜೊತೆ ಇರಬೇಕು ಎಂದು ಟಿಬೆಟಿನ ಜನರನ್ನು ಯಾರೂ ಕೇಳಲೇ ಇಲ್ಲ. ಹಾಗೆ ನೆಲೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು 1960ರ ದಶಕದಿಂದ ಈ ಮಣ್ಣಿನಲ್ಲಿ ಬಾಳುತ್ತಿದ್ದಾರೆ.

ಕೊಪ್ಪದಲ್ಲಿ ನಾನೂ ಇಳಿದೆ. ಸೇತುವೆಯನ್ನು ನಡೆದೇ ದಾಟಬೇಕೆಂದಿತ್ತು. ಕೆಳಗೆ ಕಾವೇರಿ, ಈಚೆ ಮೈಸೂರು ಜಿಲ್ಲೆ, ಆಚೆ ಕೊಡಗಿನ ಕುಶಾಲನಗರ. 1956ರ ಅಕ್ಟೋಬರ್ 31ರವರೆಗೆ ಇದು ಎರಡು ರಾಜ್ಯಗಳ ಗಡಿ. ಆಚೆ ದಡದಲ್ಲಿದ್ದ ರಾಜ್ಯಕ್ಕೆ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ.

ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರೂ ಇತ್ತು. ಕರ್ನಲ್ ಫ್ರೇಸರ್ 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿಯ ಕೈಗೆ ತಂದವನು. ಆ ಮೇ ತಿಂಗಳಿನಲ್ಲಿ ಅವನು ಹೊರಡಿಸಿದ ಘೋಷಣೆಯ ಪ್ರಕಾರ ಬ್ರಿಟಿಷರ ಕೆಳಗೆ ಇರಬೇಕೆಂಬುದು ಕೊಡಗಿನ ಸಮಸ್ತ ಜನರ ಇಚ್ಛೆಯಾಗಿತ್ತು. ಆ ಸಮಸ್ತರನ್ನು ಎಲ್ಲಿ ಕೂರಿಸಿ ಕೇಳಿದ? ಮೂರೇ ವರ್ಷಕ್ಕೆ, 1837ರಲ್ಲಿ, ಅಮರ ಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಲಾಯಿತು. ಕೇಳದೆ ಬರೆದುಕೊಂಡ ಒಪ್ಪಿಗೆಗೆ ಜನ ಕೊಟ್ಟ ಉತ್ತರ ಅದು.

ನಿಜವಾಗಿ ಕೇಳಿದ್ದು 1952ರಲ್ಲಿ, ಮೊದಲ ಮಹಾಚುನಾವಣೆಯಲ್ಲಿ. 24 ಸ್ಥಾನಗಳ ಪುಟ್ಟ ವಿಧಾನಸಭೆ. ಮೈಸೂರಿನೊಡನೆ ಸೇರೋಣ ಎಂದಿತು ಸಿ.ಎಂ. ಪೂಣಚ್ಚನವರ ಕಾಂಗ್ರೆಸ್ಸು. ಬೇಡ, ಕೊಡಗು ಕೊಡಗಾಗಿಯೇ ಇರಲಿ ಎಂದಿತು ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ. ಇಬ್ಬರೂ ಸ್ವಾತಂತ್ರ್ಯಕ್ಕಾಗಿ ದುಡಿದವರು, ಬೆಳ್ಯಪ್ಪನವರಂತೂ ಗಾಂಧಿ ದಾರಿಯಲ್ಲೇ ನಡೆದವರು. ಕಾಂಗ್ರೆಸ್ಸಿಗೆ 15 ಸ್ಥಾನ ಬಂತು, ತಕ್ಕಡಿಗೆ 9. ಪೂಣಚ್ಚನವರು ಮುಖ್ಯಮಂತ್ರಿಯಾದರು. ಅವರನ್ನೂ ಸೇರಿಸಿ ಸಂಪುಟದಲ್ಲಿದ್ದವರು ಇಬ್ಬರೇ, ಇನ್ನೊಬ್ಬರು ಕುಟ್ಟೂರು ಮಲ್ಲಪ್ಪನವರು.

ಕುಶಾಲನಗರದಲ್ಲಿ ಮತ್ತೆ ಬಸ್ಸು ಹತ್ತಿದೆ. ಸುಂಟಿಕೊಪ್ಪದ ನಂತರ ರಸ್ತೆ ಏರುತ್ತದೆ, ಗಾಳಿ ತಣ್ಣಗಾಗುತ್ತದೆ. ಮಡಿಕೇರಿಯಲ್ಲಿ ಮೊದಲು ಕೋಟೆಗೆ ಹೋದೆ. ಅಂಗಳದ ಎರಡು ಗಾರೆಯಾನೆಗಳ ಮೇಲೆ ಮಂಜಿನ ಹನಿ ಕೂತಿತ್ತು. ಆಮೇಲೆ ಇಳಿಜಾರಿನ ಮನೆಯೊಂದಕ್ಕೆ, ನನ್ನ ಹಳೆಯ ಸಹೋದ್ಯೋಗಿಯ ತಂದೆಯನ್ನು ಕಾಣಲು ಹೋದೆ. ಆ ಚುನಾವಣೆಯ ಕಾಲಕ್ಕೆ ಅವರು ಹನ್ನೆರಡರ ಹುಡುಗ. ಕಾಫಿ ಬಂತು. ನಾನು ಬಂದ ಕಾರಣ ಹೇಳಿದೆ.

"ನಮ್ಮ ಐನ್‌ಮನೇಲೇ ಎರಡು ಪಕ್ಷ ಮೇಷ್ಟ್ರೇ" ಎಂದು ಶುರುಮಾಡಿದರು. "ಅಪ್ಪ ತಕ್ಕಡಿ, ಚಿಕ್ಕಪ್ಪ ಕಾಂಗ್ರೆಸ್ಸು. ಕಾಫಿ ನಮ್ಮದು, ಕಾಡು ನಮ್ಮದು, ನದಿ ಹುಟ್ಟೋದು ನಮ್ಮಲ್ಲಿ. ದೊಡ್ಡ ರಾಜ್ಯಕ್ಕೆ ಸೇರಿದ್ರೆ ನಮ್ಮ ಮಾತು ಯಾರಿಗೆ ಕೇಳುತ್ತೆ ಅಂತ ಅಪ್ಪ. ಎರಡು ಲಕ್ಷ ಚಿಲ್ಲರೆ ಜನ ಒಂದು ರಾಜ್ಯ ಅಂತ ಎಷ್ಟು ದಿನ ನಡೆಸ್ತೀರಿ, ಮಕ್ಕಳ ಓದಿಗೆ, ಕೆಲಸಕ್ಕೆ ಮೈಸೂರೇ ತಾನೇ ಗತಿ ಅಂತ ಚಿಕ್ಕಪ್ಪ. ರಾತ್ರಿ ಊಟಕ್ಕೆ ಕೂತ್ರೂ ಅದೇ ಜಗಳ."

"ಎಣಿಕೆ ಆದಮೇಲೆ, ಯಜಮಾನರೇ?"

"ಅಪ್ಪ ತಿಂಗಳುಗಟ್ಟಲೆ ಚಿಕ್ಕಪ್ಪನ ಹತ್ರ ಮಾತಾಡಲಿಲ್ಲ. ಆಮೇಲೆ ಪುತ್ತರಿ ಹಬ್ಬ ಬಂತು. ಕದಿರು ತೆಗೆಯೋಕೆ ಇಡೀ ಒಕ್ಕ ಒಂದೇ ಗದ್ದೆಗೆ ಇಳೀಬೇಕಲ್ಲ. ಇಳಿದರು." ಸ್ವಲ್ಪ ಸುಮ್ಮನಿದ್ದು ಮತ್ತೆ ಹೇಳಿದರು: "ಆದ್ರೆ ಅಪ್ಪನ ಅಭಿಪ್ರಾಯ ಕೊನೇವರೆಗೂ ಬದಲಾಗಲಿಲ್ಲ. ಗದ್ದೆಗೆ ಇಳಿದ್ರು ಅಂದ್ರೆ ಒಪ್ಪಿದ್ರು ಅಂತ ಅಲ್ಲ."

ಅವರ ಆ ಕೊನೆಯ ಮಾತು ಕೇಳಿದಾಗ ನನಗೆ ನಮ್ಮ ಕಡೆಯದೂ ನೆನಪಾಯಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗದ ವರದಿ ಬಂದ ಮೇಲೆ ಹಳೆ ಮೈಸೂರಿನ ನಾಯಕರಲ್ಲೂ ಹಲವರು ಉತ್ತರದ ಜಿಲ್ಲೆಗಳೊಡನೆ ಸೇರಲು ಹಿಂಜರಿದಿದ್ದರು. ಆ ಜಿಲ್ಲೆಗಳ ಭಾರ ನಮ್ಮ ತಲೆಗೆ ಬೀಳುತ್ತದೆ, ಅಧಿಕಾರ ಕೈತಪ್ಪುತ್ತದೆ ಎಂಬ ಭಯ ಅವರದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ಗಟ್ಟಿಯಾಗಿ ನಿಂತರು. ಬೆಳ್ಯಪ್ಪನವರ ಕಡೆಯವರಿಗಿದ್ದ ಅಂಜಿಕೆಯೇ ನಮ್ಮವರಿಗೂ ಇತ್ತು. ವ್ಯತ್ಯಾಸ ಇಷ್ಟೇ: ನಾವು ದೊಡ್ಡವರು, ನಮ್ಮ ಅಂಜಿಕೆ ಬೇಗ ಮರೆತುಹೋಯಿತು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. 24 ಶಾಸಕರಿದ್ದ ನಾಡಿಗೆ ಇಂದು 224ರ ವಿಧಾನಸಭೆಯಲ್ಲಿ ಇಬ್ಬರು, ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು. ಹಾರಂಗಿ ಜಲಾಶಯ ಇರುವುದು ಕೊಡಗಿನಲ್ಲಿ, ಅದರ ನಾಲೆಯ ನೀರು ಹರಿಯುವುದು ಪಿರಿಯಾಪಟ್ಟಣ, ಹುಣಸೂರಿನ ಗದ್ದೆಗಳಿಗೆ. ಕೊಡವ ನ್ಯಾಷನಲ್ ಕೌನ್ಸಿಲ್ ಸಂವಿಧಾನದ ಒಳಗೇ ಸ್ವಾಯತ್ತೆ ಬೇಕೆಂದು ಇಂದಿಗೂ ಸಭೆ, ಸತ್ಯಾಗ್ರಹ ನಡೆಸುತ್ತದೆ. ಆ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಕನ್ನಡದ ಒಂದು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು ಎಲ್ಲವೂ ಬಾಳಬಲ್ಲವು ಎಂದು ನಂಬಿದವನು ನಾನು. ಹಾಗೆಂದು ಅದರ ಹಿಂದಿನ ನೋವನ್ನು ಅಲ್ಲಗಳೆದರೆ ನನಗೂ ಫ್ರೇಸರನಿಗೂ ಏನು ವ್ಯತ್ಯಾಸ? ಗೆದ್ದ 15 ಕೂಡುವ ಹಕ್ಕನ್ನು ಕೊಟ್ಟಿತು, ನಿಜ. ಆ 9ರ ಹಿಂದಿದ್ದ ಮನೆಗಳನ್ನು ವಿಚಾರಿಸಿಕೊಳ್ಳುವ ಹೊಣೆಯನ್ನೂ ಅದೇ ದಿನ ನಮ್ಮ ಹೆಗಲಿಗೆ ಹಾಕಿತು. ಆ ಹೊಣೆಗೆ ಕೊನೆಯ ದಿನಾಂಕವಿಲ್ಲ.

ಹೊರಡುವಾಗ ಯಜಮಾನರು ಗೇಟಿನವರೆಗೆ ಬಂದರು. ಎದುರಿನ ಬೆಟ್ಟದಲ್ಲಿ ಮಣ್ಣು ಜಾರಿದ ಗುರುತು ಹಸಿರಿನ ನಡುವೆ ಇನ್ನೂ ಕಾಣುತ್ತಿತ್ತು. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದು ಕೊಡಗು ಮನೆಮಠ ಕಳೆದುಕೊಂಡ ದಿನಗಳ ಮಾತು ಬಂತು. ಆಗ ಇಲವಾಲದ ಹೆದ್ದಾರಿಯಲ್ಲಿ ಅಕ್ಕಿ, ಕಂಬಳಿ ಹೊತ್ತ ಲಾರಿಗಳು ಸಾಲಾಗಿ ಪಶ್ಚಿಮಕ್ಕೆ ಹೋಗಿದ್ದವು. ನಮ್ಮ ಬೀದಿಯವರೂ ಒಂದಷ್ಟು ಮೂಟೆ ಕಟ್ಟಿ ಕಳಿಸಿದ್ದೆವು.

"ಆ ಲಾರಿಗಳನ್ನ ನಾನು ನೋಡಿದೀನಿ" ಎಂದರು ಅವರು. "ಅಪ್ಪ ಇದ್ದಿದ್ರೆ ತೋರಿಸ್ತಿದ್ದೆ. ಆದ್ರೆ ಮೇಷ್ಟ್ರೇ, ಬೆಟ್ಟ ಕುಸಿಯೋವರೆಗೆ ಕಾಯಬೇಡಿ. ಸುಮ್ಮನೆ ಇದ್ದಾಗಲೂ ಹೀಗೆ ಬಂದು ಕೇಳಿ."

ಸಂಜೆಯ ಬಸ್ಸು ಕುಶಾಲನಗರದ ಸೇತುವೆ ದಾಟುವಾಗ ಕತ್ತಲಾಗಿತ್ತು, ಹೊಳೆ ಕಾಣಲಿಲ್ಲ. ಅದು ನನ್ನ ಜೊತೆಗೇ ಕನ್ನಂಬಾಡಿಯ ಕಡೆ, ನಮ್ಮೂರಿನ ಮಗ್ಗುಲಿಗೆ ಬರುತ್ತಿದೆ ಎಂದು ಮಾತ್ರ ಗೊತ್ತಿತ್ತು. ಮನೆ ಸೇರಿದ ಕೂಡಲೇ ಸೊಸೆಗೆ ಫೋನು ಮಾಡಿದೆ. ಅವಳ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಸೋತವರು ಅಲ್ಲೇ ಇರುತ್ತಾರೆ ಮಗಳೇ, ಅದೇ ಬೀದಿಯಲ್ಲಿ. ಹೋಗಿ ಮಾತಾಡಿಸು.