ಡೆಕ್ಕಿನ ಲೆಕ್ಕ

ಗೋನೆಗಂಡ್ಲದಲ್ಲಿ ಕೂತು ಹಡಗುಗಳ ವಿಷಯ ಬರೆಯುತ್ತೇನೆಂದರೆ ನಮ್ಮೂರಿನವರೇ ನಕ್ಕಾರು. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಈ ಊರಿನಿಂದ ಯಾವ ದಿಕ್ಕಿಗೆ ಅಳೆದರೂ ಕಡಲು ನೂರಾರು ಕಿಲೋಮೀಟರ್ ದೂರ. ನಮಗಿರುವ ದೊಡ್ಡ ನೀರೆಂದರೆ ಹಂದ್ರಿ ಹೊಳೆಗೆ ಕಟ್ಟಿದ ಗಾಜುಲದಿನ್ನೆ ಜಲಾಶಯ. ನಾವು ಹತ್ತಿ ಕೂತ ಹಡಗೆಂದರೆ ತುಂಗಭದ್ರೆಯ ಹರಿಗೋಲು. ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ, ಮೊದಲ ದರ್ಜೆ ಮೂರನೆಯ ದರ್ಜೆ ಎಂಬುದೂ ಇಲ್ಲ. ಸಾಹುಕಾರನೂ ಕುರಿಯೂ ಒಂದೇ ಬುಟ್ಟಿಯಲ್ಲಿ ಕೂತು, ಒಂದೇ ಸುತ್ತು ತಿರುಗಿ, ಒಟ್ಟಿಗೆ ಆಚೆ ದಡ ಸೇರಬೇಕು.

ಹಾಗಿದ್ದೂ ಬರೆಯಲು ನನಗೆ ಎರಡು ಕಾರಣಗಳಿವೆ. ಒಂದು, ನಾನು ಬ್ಯಾಂಕಿನ ಗುಮಾಸ್ತ. ಅಂಕಿಗಳನ್ನು ಕಂಡರೆ ಪಕ್ಕಪಕ್ಕದಲ್ಲಿ ಬರೆದು ತಾಳೆ ನೋಡುವುದು ಇಪ್ಪತ್ತು ವರ್ಷಗಳ ಅಭ್ಯಾಸ. ಇನ್ನೊಂದು, ನಾನು ನಿಮ್ಮ ಗಡಿನಾಡಿನ ಅಳಿಯ. ನನ್ನ ಹೆಂಡತಿಯ ತವರು ಮಂಜೇಶ್ವರದ ಕಡೆ. ನಮ್ಮ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಕಳಚಿ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ನಿಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ. ಒಂದೇ ಮದರಾಸು ಪ್ರಾಂತದ ಎರಡು ಅಂಚುಗಳು ನಾವು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಕಡೆಯಿಂದ ತೆಲುಗು, ಇನ್ನೊಂದು ಕಡೆಯಿಂದ ಮಲಯಾಳ, ತುಳು, ನಡುವೆ ಕನ್ನಡ.

ನಾನು ಆದೋನಿಯಲ್ಲಿ ಬಿ.ಎ. ಓದುತ್ತಿದ್ದಾಗ, 1998ರಲ್ಲಿ, 'ಟೈಟಾನಿಕ್' ಸಿನಿಮಾ ನಮ್ಮ ಕಡೆಗೂ ಬಂತು. ಕಡಲನ್ನೇ ಕಾಣದ ಊರಿನ ಹುಡುಗರೆಲ್ಲ ಆ ಹಡಗಿನ ಅಡಿ, ಟನ್ನುಗಳನ್ನು ಬಾಯಿಪಾಠ ಮಾಡಿದೆವು. ಈಗ ನನ್ನ ಮಗಳಿಗೆ ಆ ಹುಚ್ಚು. ಕಳೆದ ಬೇಸಿಗೆ ರಜೆಯಲ್ಲಿ ಮಂಜೇಶ್ವರದ ಜಗಲಿಯಲ್ಲಿ ಕೂತು ಕೇಳಿದಳು: "ಅಪ್ಪಾ, ಟೈಟಾನಿಕ್ ದೊಡ್ಡದೋ, ಕ್ವೀನ್ ಮೇರಿ ದೊಡ್ಡದೋ?" ನಾನು ಬ್ಯಾಂಕಿನ ಹಳೆಯ ಡೈರಿಯೊಂದರಲ್ಲಿ ಕಲಂ ಹಾಕಿ ಬರೆದುಕೊಟ್ಟೆ.

1907ರಲ್ಲಿ ಓಡಾಟ ಆರಂಭಿಸಿದ ಮಾರಿಟೇನಿಯಾ ಸುಮಾರು 32,000 ಟನ್ನು. ಅಟ್ಲಾಂಟಿಕ್ ಸಾಗರವನ್ನು ಅತಿ ವೇಗವಾಗಿ ದಾಟಿದ ಹಿರಿಮೆಯನ್ನು ಇಪ್ಪತ್ತು ವರ್ಷ, 1929ರವರೆಗೆ, ಬಿಟ್ಟುಕೊಡಲಿಲ್ಲ. 1912ರ ಟೈಟಾನಿಕ್ 46,328 ಟನ್ನು, 269 ಮೀಟರ್ ಉದ್ದ. 1936ರ ಕ್ವೀನ್ ಮೇರಿ 80,774 ಟನ್ನು, 310 ಮೀಟರ್. 1952ರಲ್ಲಿ ಬಂದ ಅಮೆರಿಕದ 'ಯುನೈಟೆಡ್ ಸ್ಟೇಟ್ಸ್' ಹಡಗು ಗಾತ್ರದಲ್ಲಿ ಅದಕ್ಕಿಂತ ಸಣ್ಣದು, ಆದರೆ ಗಂಟೆಗೆ 35 ನಾಟಿಗೂ ಹೆಚ್ಚು ವೇಗದಲ್ಲಿ ಓಡಿ ಮೂರೂವರೆ ದಿನದೊಳಗೆ ಸಾಗರ ದಾಟಿತು. 1969ರ ಕ್ವೀನ್ ಎಲಿಜಬೆತ್ 2 ಸುಮಾರು 66,000 ಟನ್ನು, 294 ಮೀಟರ್. 2004ರ ಕ್ವೀನ್ ಮೇರಿ 2 ಇವೆಲ್ಲಕ್ಕೂ ದೊಡ್ಡದು: 345 ಮೀಟರ್, 1,48,528 ಟನ್ನು.

ಇಲ್ಲಿ ಒಂದು ಮಾತು ಹೇಳಬೇಕು. ಈ ಟನ್ನು ತೂಕವಲ್ಲ. ಹಡಗಿನ ಒಳಗಿನ ಜಾಗದ ಅಳತೆ. ಹಳೆಯ ಲೆಕ್ಕದಲ್ಲಿ ನೂರು ಘನ ಅಡಿಗೆ ಒಂದು ಟನ್ನು. 1969ರ ಅಂತರರಾಷ್ಟ್ರೀಯ ಒಪ್ಪಂದದ ನಂತರ ಅಳೆಯುವ ಸೂತ್ರವೇ ಬದಲಾಯಿತು. ಆದ್ದರಿಂದ ಟೈಟಾನಿಕ್ಕಿನ ಟನ್ನನ್ನೂ ಕ್ವೀನ್ ಮೇರಿ 2ರ ಟನ್ನನ್ನೂ ನೇರ ಹೋಲಿಸುವುದು ಆಣೆ ಪೈ ಲೆಕ್ಕವನ್ನೂ ನಯಾಪೈಸೆ ಲೆಕ್ಕವನ್ನೂ ಒಂದೇ ಕಲಮಿನಲ್ಲಿ ಕೂಡಿದ ಹಾಗೆ.

ಮಗಳಿಗೆ ತೃಪ್ತಿಯಾಯಿತು. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ನನ್ನ ಮಾವನವರು ಡೈರಿಯನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ಆಮೇಲೆ ನನ್ನನ್ನು ಕೇಳಿದರು: "ಎಲ್ಲ ಸರಿ ಉಂಟು. ನಮ್ಮ ದ್ವಾರಕಾ ಎಲ್ಲಿ ಉಂಟು ಇದರಲ್ಲಿ?"

ಈ ಪುಟ ಓದುತ್ತಿರುವ ಎಷ್ಟೋ ಮನೆಗಳಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷ್ ಇಂಡಿಯಾ ಕಂಪನಿಯ ದ್ವಾರಕಾ 1947ರಲ್ಲಿ ಕಟ್ಟಿದ ಹಡಗು. 4,851 ಟನ್ನು, ಸುಮಾರು ನಾನೂರು ಅಡಿ. ಟೈಟಾನಿಕ್ಕಿನ ಹೊಟ್ಟೆಯಲ್ಲಿ ಇಂಥ ಒಂಬತ್ತು ಹಡಗು ಹಿಡಿಯುತ್ತವೆ. ದುಮ್ರಾ, ದ್ವಾರಕಾ, ದರೇಸಾ, ದಾರಾ ಎಂದು ಡಕಾರದ ನಾಲ್ಕು ಹಡಗುಗಳು. ಅವು ಬೊಂಬಾಯಿಯಿಂದ ಕೊಲ್ಲಿಯ ಬಂದರುಗಳಿಗೆ ಓಡುತ್ತಿದ್ದವು. ಕ್ಯಾಬಿನ್ನುಗಳು ಕೆಲವೇ ಕೆಲವು. ಉಳಿದ ಸಾವಿರಕ್ಕೂ ಹೆಚ್ಚು ಜನ ಡೆಕ್ ಪ್ರಯಾಣಿಕರು. ಮಾವನವರು 1975ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ದ್ವಾರಕಾ ಹತ್ತಿದರು. ಕೈಯಲ್ಲಿ ಒಂದು ತಗಡಿನ ಟ್ರಂಕು, ಒಂದು ಚಾಪೆ, ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ. ಚಾಪೆ ಹಾಸಿದಷ್ಟೇ ಅವರ ಜಾಗ. ಆಚೆ ಮಗ್ಗುಲಲ್ಲಿ ಕಣ್ಣೂರಿನವರು, ಈಚೆ ಮಗ್ಗುಲಲ್ಲಿ ಭಟ್ಕಳದವರು. ದುಬೈ ಮುಟ್ಟುವವರೆಗೆ ಅನ್ನಕ್ಕೆ ಸಾಲು, ನೀರಿಗೆ ಸಾಲು. ಅವರ ಮಲಯಾಳ ಸರಿಯಾದದ್ದು ಶಾಲೆಯಲ್ಲಲ್ಲ, ಆ ಡೆಕ್ಕಿನ ಮೇಲಂತೆ.

ಅವತ್ತು ರಾತ್ರಿ ನಾನು ಡೈರಿಯಲ್ಲಿ ಇನ್ನೊಂದು ಕಲಂ ಎಳೆದೆ. ಹಡಗಿನ ಟನ್ನನ್ನು ಅದರಲ್ಲಿದ್ದ ಜನರಿಂದ ಭಾಗಿಸಿದರೆ ತಲೆಗೆ ಎಷ್ಟು ಟನ್ನು ಬರುತ್ತದೆ? ಟೈಟಾನಿಕ್ಕಿನಲ್ಲಿದ್ದವರು ಸಿಬ್ಬಂದಿ ಸೇರಿ ಸುಮಾರು 2,200. ತಲೆಗೆ 21 ಟನ್ನು. ಕ್ವೀನ್ ಮೇರಿ ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿತು; 1943ರ ಜುಲೈ ತಿಂಗಳ ಒಂದು ಯಾನದಲ್ಲಿ 16,683 ಜನ. ತಲೆಗೆ ಐದು ಟನ್ನೂ ಇಲ್ಲ. ಅದು ಯುದ್ಧ, ಆಪತ್ಕಾಲ ಎನ್ನೋಣ. ನಮ್ಮ ಮದರಾಸಿನಿಂದ ಸಿಂಗಪುರಕ್ಕೆ ಅರ್ಧ ಶತಮಾನದ ಹತ್ತಿರ ಓಡಿದ ರಜುಲಾ 1926ರ ಹಡಗು, 8,478 ಟನ್ನು. ಆರಂಭದಲ್ಲಿ ಅದಕ್ಕೆ 5,000ಕ್ಕೂ ಹೆಚ್ಚು ಡೆಕ್ ಪ್ರಯಾಣಿಕರನ್ನು ಒಯ್ಯಲು ಪರವಾನಗಿ ಇತ್ತು. ತಲೆಗೆ ಎರಡು ಟನ್ನೂ ಸಿಗದು. ಯುದ್ಧವಿಲ್ಲದ ದಿನಗಳಲ್ಲಿ, ಕಾಗದಪತ್ರ ಎಲ್ಲ ಸರಿಯಾಗಿದ್ದು ನಡೆದ ಲೆಕ್ಕ ಇದು. ಉದ್ದ, ವೇಗ, ಟನ್ನುಗಳ ಕಲಮಿನಲ್ಲಿ ಮೇಲಿದ್ದ ಹಡಗುಗಳು ಈ ಕಲಮಿನಲ್ಲಿ ಬೇರೆಯೇ ಸಾಲಿನಲ್ಲಿ ನಿಂತವು.

ದಾರಾ ಹಡಗಿನ ಹೆಸರು ಬರೆದಾಗ ಮಾವನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಸೋದರಮಾವ ಆ ಹಡಗಿನಲ್ಲಿದ್ದರು. ಬಸ್ರಾದಿಂದ ಬೊಂಬಾಯಿ ಕಡೆ ಬರುತ್ತಿದ್ದ ದಾರಾ 1961ರ ಏಪ್ರಿಲ್ 7ರಂದು ದುಬೈಯಲ್ಲಿ ಲಂಗರು ಹಾಕಿತ್ತು. ಬಿರುಗಾಳಿ ಎದ್ದುದರಿಂದ ಹಡಗು ಆಳ ಕಡಲಿಗೆ ಸರಿಯಿತು. ಮರುದಿನ ನಸುಕಿನಲ್ಲಿ ಒಳಗೆ ಸ್ಫೋಟವಾಗಿ ಬೆಂಕಿ ಹತ್ತಿತು. ಜನ ತುಂಬಿ ಕೆಲವು ದೋಣಿಗಳು ಮಗುಚಿದವು. ಹಡಗಿನಲ್ಲಿದ್ದ 819 ಜನರಲ್ಲಿ 238 ಮಂದಿ ಸತ್ತರು. ಏಪ್ರಿಲ್ 10ರಂದು, ಎಳೆದೊಯ್ಯುತ್ತಿದ್ದಾಗ, ದಾರಾ ಮುಳುಗಿತು. ಯಾರೋ ಇಟ್ಟ ಸ್ಫೋಟಕವೇ ಕಾರಣವೆಂದು ತನಿಖೆ ಹೇಳಿತು. ಆ 819ರಲ್ಲಿ ಟಿಕೇಟಿಲ್ಲದವರೂ ಇದ್ದರು: ಹಮಾಲರು, ಸಾಮಾನು ಮಾರಲು ಹತ್ತಿದವರು, ನೆಂಟರನ್ನು ಬೀಳ್ಕೊಡಲು ಬಂದವರು. ಗಾಳಿ ಎದ್ದಾಗ ಇಳಿಯಲಾಗದೆ ಉಳಿದವರು ಅವರು.

ಸೋದರಮಾವ ಬದುಕಿ ಬಂದರು. ಮೈಮೇಲಿನ ಬಟ್ಟೆ ಬಿಟ್ಟರೆ ಏನೂ ತರಲಿಲ್ಲ. ಮತ್ತೆ ಕಡಲಿಗೆ ಹೋಗಲಿಲ್ಲ, ಆ ರಾತ್ರಿಯ ಮಾತನ್ನು ಯಾರಲ್ಲೂ ಆಡಲಿಲ್ಲ. 1975ರಲ್ಲಿ ಅಳಿಯ ಹೊರಟು ನಿಂತಾಗ "ಹೋಗಬೇಡ" ಎನ್ನಲಿಲ್ಲ. "ಮಲಗುವಾಗ ದೋಣಿಯ ಹತ್ತಿರ ಚಾಪೆ ಹಾಸು" ಎಂದಷ್ಟೇ ಹೇಳಿದರಂತೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರು ಕಂಡದ್ದು ಅವರೊಂದಿಗೇ ಹೋಯಿತು.

ಟೈಟಾನಿಕ್ಕಿನ ಸಂಗತಿ ಹಾಗಲ್ಲ. ಅದರಲ್ಲಿ ಸತ್ತವರು ಸುಮಾರು 1,500 ಜನ. ಯಾರು ಯಾವ ದರ್ಜೆಯವರು, ಯಾವ ಊರಿನವರು ಎಂಬುದನ್ನು ಹುಡುಕಿ ಹುಡುಕಿ ದಾಖಲಿಸಿದ್ದಾರೆ. ಆ ದಾಖಲೆಯಿಂದಲೇ ನಮಗೆ ಒಂದು ಸತ್ಯ ತಿಳಿಯಿತು: ಮೊದಲ ದರ್ಜೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದರು, ಮೂರನೆಯ ದರ್ಜೆಯ ಸುಮಾರು 700 ಜನರಲ್ಲಿ ಉಳಿದವರು ನಾಲ್ಕರಲ್ಲಿ ಒಂದು ಪಾಲು. ದೋಣಿಗಳಲ್ಲಿ ಇದ್ದ ಜಾಗ 1,178 ಜನರಿಗೆ. ಕಾನೂನು ಕೇಳಿದ್ದು ಹದಿನಾರು ದೋಣಿ, ಹಡಗಿನಲ್ಲಿದ್ದದ್ದು ಇಪ್ಪತ್ತು! ಕಾಗದದಲ್ಲಿ ಎಲ್ಲ ಸರಿ ಇತ್ತು. ಹೆಸರುಗಳು ಉಳಿದದ್ದರಿಂದ ಅನ್ಯಾಯದ ಲೆಕ್ಕವೂ ಉಳಿಯಿತು. 1914ರಲ್ಲಿ ಲಂಡನ್ನಿನಲ್ಲಿ ಸೇರಿದ ರಾಷ್ಟ್ರಗಳು ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗವಿರಬೇಕೆಂದು ಒಪ್ಪಿಕೊಂಡವು. ಹೆಸರು ಬರೆದಿಡುವುದರಿಂದ ಆಗುವ ಪ್ರಯೋಜನಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನನ್ನ ಭಾವಮೈದುನ ದುಬೈಯಲ್ಲಿ ಕೆಲಸದಲ್ಲಿದ್ದಾನೆ. 2019ರಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದ. ಕ್ವೀನ್ ಎಲಿಜಬೆತ್ 2 ಈಗಿರುವುದು ಅಲ್ಲೇ. 2008ರ ನವೆಂಬರ್‌ನಲ್ಲಿ ದುಬೈಗೆ ಬಂದ ಅದನ್ನು 2018ರಲ್ಲಿ ರಶೀದ್ ಬಂದರಿನಲ್ಲಿ ಹೋಟೆಲು ಮಾಡಿ ತೆರೆದರು. ಮಗ ತಂದೆಯನ್ನು ಅದನ್ನು ನೋಡಲು ಕರೆದುಕೊಂಡು ಹೋದ. ಹಡಗು ತೋರಿಸಿದ ಹುಡುಗ ಮಲಯಾಳಿ. ರಾಣಿ ಬಂದು ಕೂತ ಕೋಣೆ, ಗಾಜಿನ ದೀಪ, ನೃತ್ಯದ ಹಜಾರ ಎಲ್ಲ ತೋರಿಸಿ, "ಹೇಗಿದೆ ಇಕ್ಕಾ?" ಎಂದು ಕೇಳಿದನಂತೆ. ಮಾವನವರು ತಮ್ಮ ಡೆಕ್ಕಿನ ಮಲಯಾಳದಲ್ಲಿ ಹೇಳಿದರಂತೆ: "ಚಂದ ಉಂಟು. ಡೆಕ್ಕಿನವರು ಮಲಗುತ್ತಿದ್ದದ್ದು ಎಲ್ಲಿ?" ಈ ಹಡಗಿನಲ್ಲಿ ಅಂಥವರು ಇರಲಿಲ್ಲ ಎಂದ ಹುಡುಗ. ಮಾವನವರು ಹೊರಗೆ ಬಂದು ಕಟಕಟೆ ಹಿಡಿದು ಬಂದರನ್ನು ನೋಡುತ್ತ ನಿಂತರು ಎಂದು ಭಾವಮೈದುನ ಹೇಳಿದ.

ಹಡಗುಗಳ ಮುಪ್ಪೂ ಒಂದೇ ತರಹ ಅಲ್ಲ. ಕ್ವೀನ್ ಮೇರಿ 1967ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ನಿಂತು ಪ್ರವಾಸಿಗರಿಗೆ ಆಸರೆಯಾಗಿದೆ. ಎಲ್ಲಕ್ಕೂ ವೇಗದ 'ಯುನೈಟೆಡ್ ಸ್ಟೇಟ್ಸ್' ದಶಕಗಳ ಕಾಲ ತುಕ್ಕು ಹಿಡಿದು ನಿಂತಿತು. ಮೀನುಗಳಿಗೆ ಆಸರೆಯಾಗಲೆಂದು ಕಡಲಲ್ಲಿ ಮುಳುಗಿಸುವ ಉದ್ದೇಶದಿಂದ 2025ರಲ್ಲಿ ಅದನ್ನು ಫಿಲಡೆಲ್ಫಿಯಾದಿಂದ ಎಳೆದೊಯ್ದರು. ಅದಕ್ಕೂ ಪತ್ರಿಕೆಗಳಲ್ಲಿ ಚಿತ್ರ, ಬೀಳ್ಕೊಡುಗೆ. ಅವನ್ನು ಸೋಲಿಸಿದ್ದು ವಿಮಾನ. ದ್ವಾರಕಾವನ್ನು ಸೋಲಿಸಿದ್ದೂ ವಿಮಾನವೇ. 1982ರಲ್ಲಿ ಅದನ್ನು ಪಾಕಿಸ್ತಾನದ ಗಡಾನಿ ಕಡಲತಡಿಯಲ್ಲಿ ಒಡೆದು ಗುಜರಿಗೆ ಹಾಕಿದರು. ಆದರೆ ನಿಮ್ಮ ಕಡೆಯ ಎಷ್ಟು ಮನೆಗಳ ಮಾಡಿನ ಹಂಚು, ಎಷ್ಟು ಹೆಣ್ಣುಮಕ್ಕಳ ಮದುವೆ, ಎಷ್ಟು ಮಕ್ಕಳ ಓದು ಆ ಹಡಗಿನಿಂದ ಇಳಿದು ಬಂದಿಲ್ಲ! ಮಾವನವರು ಕಳಿಸಿದ ಡ್ರಾಫ್ಟುಗಳ ಪಟ್ಟಿಯನ್ನು ಅತ್ತೆ ಒಂದು ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದಾರೆ. ಬ್ಯಾಂಕಿನವನಾಗಿ ಹೇಳುತ್ತೇನೆ, ಅದರಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ. ಹಡಗಿನ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಗೋನೆಗಂಡ್ಲದ ಕೌಂಟರಿನಲ್ಲಿ ನನಗೆ ಪ್ರತಿ ವರ್ಷ ಇನ್ನೊಂದು ಡೆಕ್ ಕಾಣುತ್ತದೆ. ಮಳೆ ಕೈಕೊಟ್ಟರೆ ನಮ್ಮ ಆದೋನಿ, ಎಮ್ಮಿಗನೂರು, ಕೋಸಿಗಿ ಕಡೆಯ ಜನ ಮಕ್ಕಳುಮರಿ ಕಟ್ಟಿಕೊಂಡು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತಾರೆ. ಹೋಗುವ ಮುನ್ನ ಚೂರು ಬಂಗಾರ ಅಡವಿಡಲು ಬರುತ್ತಾರೆ. ಫಾರಂ ತುಂಬುವಾಗ "ಅಲ್ಲಿ ಯಾವ ಊರಮ್ಮಾ?" ಎಂದರೆ, "ಲಾರಿ ಎಲ್ಲಿ ಇಳಿಸಿದರೆ ಅದೇ ಊರು ಸಾರ್" ಎನ್ನುತ್ತಾರೆ. ಆ ಲಾರಿಗೆ ಹೆಸರಿಲ್ಲ, ಹತ್ತಿದವರ ಪಟ್ಟಿಯೂ ಇಲ್ಲ. ನಾನಂತೂ ಈಗ ಫಾರಂನ ಹಿಂದೆ ಪೆನ್ಸಿಲ್ಲಿನಲ್ಲಿ ಹೋದ ದಿನ, ಮೇಸ್ತ್ರಿಯ ಹೆಸರು ಬರೆದಿಡುತ್ತೇನೆ. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಆದರೆ ಕಾಗದದಲ್ಲಿ ಇದೆ.

ಗಡಿನಾಡಿನ ನಮ್ಮಂಥವರಿಗೆ ಪಟ್ಟಿಯಿಂದ ಬಿಟ್ಟುಹೋಗುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಒಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ ತಗಡಿನ ಟ್ರಂಕು ಇದ್ದರೆ ಇಳಿಸಿ. ಹಳೆಯ ಪಾಸ್‌ಪೋರ್ಟು, ಟಿಕೇಟಿನ ಚೂರು, ನೀಲಿ ಅಂತರದೇಶೀಯ ಕಾಗದ ಇದ್ದರೆ ತೆಗೆದು ನೋಡಿ. ಜಗಲಿಯಲ್ಲಿ ಕೂತ ಹಿರಿಯರನ್ನು ಕೇಳಿ: ಯಾವ ವರ್ಷ, ಯಾವ ಹಡಗು, ಪಕ್ಕದ ಚಾಪೆಯಲ್ಲಿ ಯಾರಿದ್ದರು? ಕನ್ನಡದಲ್ಲೋ ಮಲಯಾಳದಲ್ಲೋ, ಬಂದ ಭಾಷೆಯಲ್ಲಿ ಬರೆದಿಡಿ. ಮಂಜೇಶ್ವರದಿಂದ ಹೊರಡುವ ಹಿಂದಿನ ದಿನ ನನ್ನ ಮಗಳು ಡೈರಿಯಲ್ಲಿ ಟೈಟಾನಿಕ್ಕಿನ ಕೆಳಗೆ ಒಂದು ಗೆರೆ ಬಿಟ್ಟು ತನ್ನ ದುಂಡಕ್ಷರದಲ್ಲಿ ಬರೆದಳು: ದ್ವಾರಕಾ, 1947, 4,851 ಟನ್ನು, ಅಜ್ಜ.