ಮುರಿದ ನೆಲದ ಅಂಚು

ತೀರ್ಥಹಳ್ಳಿಯಿಂದ ಆಗುಂಬೆಗೆ ಬಸ್ಸಿನಲ್ಲಿ ಹೋಗುವವರಿಗೆ ಬೆಟ್ಟ ಹತ್ತಿದೆವೆಂದು ಅನ್ನಿಸುವುದೇ ಇಲ್ಲ. ಗದ್ದೆ, ಅಡಿಕೆ ತೋಟ, ಒಂದಿಷ್ಟು ಕಾಡು, ಮತ್ತೆ ಗದ್ದೆ. ದಾರಿ ಅಲ್ಲಲ್ಲಿ ಏರುತ್ತದೆ, ಇಳಿಯುತ್ತದೆ, ಅಷ್ಟೇ. ಆಗುಂಬೆ ಪೇಟೆ ದಾಟಿ ಸ್ವಲ್ಪ ದೂರ ಹೋಗುತ್ತಲೇ ನೆಲ ಮುಗಿದುಬಿಡುತ್ತದೆ. ಎದುರಿಗೆ, ಆಳದಲ್ಲಿ, ಕರಾವಳಿ. ಆಕಾಶ ತಿಳಿಯಾಗಿದ್ದ ದಿನ ಅದರಾಚೆ ಕಡಲಿನ ಗೆರೆ. ಸೂರ್ಯಾಸ್ತಕ್ಕೆಂದು ಬಂದವರೆಲ್ಲ ಅಲ್ಲಿ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನನಗೆ ಮಾತ್ರ ಅಲ್ಲಿ ನಿಂತಾಗಲೆಲ್ಲ ಸೂರ್ಯನಿಗಿಂತ ಕಾಲಡಿಯ ಆ ಅಂಚಿನ ಮೇಲೆಯೇ ಕಣ್ಣು. ಬೆಟ್ಟವೆಂದ ಮೇಲೆ ಎರಡು ಮಗ್ಗುಲಿರಬೇಕಲ್ಲವೆ? ಸಹ್ಯಾದ್ರಿಗೆ ಬಹುಪಾಲು ಕಡೆ ಒಂದೇ ಮಗ್ಗುಲು. ಕೆಳಗಿನ ಸೋಮೇಶ್ವರದಿಂದ ತಲೆಯೆತ್ತಿ ನೋಡಿದವರಿಗೆ ಅದು ಗೋಡೆ. ಶಿವಮೊಗ್ಗದ ಕಡೆಯಿಂದ ಬಂದವರಿಗೆ ಹಾಗೊಂದು ಗೋಡೆಯಿದೆ ಎಂಬ ಸುಳಿವೂ ಸಿಗುವುದಿಲ್ಲ.

ಹಿಮಾಲಯ ಹುಟ್ಟಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ತೇಲಿಬಂದ ಭಾರತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು, ನಡುವಿನ ಕಡಲ ತಳ ಮಡಿಕೆಬಿದ್ದು ಮೇಲೆದ್ದಿತು. ಆ ಕಥೆ ಎಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತಿದೆಯೆಂದರೆ ಪರ್ವತಗಳೆಲ್ಲ ಹಾಗೆಯೇ ಹುಟ್ಟುತ್ತವೆಂದು ನಂಬಿಬಿಡುತ್ತೇವೆ. ಸಹ್ಯಾದ್ರಿಯನ್ನು ಯಾವ ಡಿಕ್ಕಿಯೂ ಎತ್ತಿ ನಿಲ್ಲಿಸಲಿಲ್ಲ. ಅದು ಅಗಲಿಕೆಯಿಂದ ಆದದ್ದು. ದೊಡ್ಡದೊಂದು ಭೂಖಂಡ ಬಿರಿದು, ಒಂದು ಹೋಳು ದೂರ ಸರಿದು ಹೋದ ಮೇಲೆ ಈಚೆಗೆ ಉಳಿದ ಅಂಚು ಅದು.

ಇದಕ್ಕೆ ಸಾಕ್ಷಿ ಕಲ್ಲುಗಳಲ್ಲೇ ಇದೆ. ಮಹಾಬಲೇಶ್ವರದ ಕಡೆ ಘಟ್ಟವೆಂದರೆ ಕಪ್ಪು ಬಸಾಲ್ಟ್, ಒಂದರ ಮೇಲೊಂದು ಹಾಸಿದ ಲಾವಾ ಪದರಗಳು. ಬೆಳಗಾವಿಯಿಂದ ದಕ್ಷಿಣಕ್ಕೆ ಬಂದಂತೆ ಆ ಹಾಸು ಮುಗಿದು, ಅದಕ್ಕಿಂತ ಎಷ್ಟೋ ಪಟ್ಟು ಹಳೆಯದಾದ ಧಾರವಾಡ ಶಿಲೆಗಳೂ ನೈಸ್ ಶಿಲೆಗಳೂ ಕಾಣಿಸಿಕೊಳ್ಳುತ್ತವೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯೂ ಈ ನೈಸ್ ಬಳಗದ್ದೇ. ಅದಕ್ಕೆ ಸುಮಾರು 300 ಕೋಟಿ ವರ್ಷ. ಕುದುರೆಮುಖದ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲಂತೂ 250 ಕೋಟಿ ವರ್ಷಗಳಿಗೂ ಹಿಂದಿನ ಸಮುದ್ರದ ತಳ. ಆಗಿನ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವೇ ತಳಕ್ಕಿಳಿದು ಪದರಗಟ್ಟಿತು. ಇನ್ನೂ ದಕ್ಷಿಣಕ್ಕೆ, ನೀಲಗಿರಿಗೆ ಹೋದರೆ ಚಾರ್ನೊಕೈಟ್ ಸಿಗುತ್ತದೆ. ಭೂಮಿಯ ಬಹಳ ಆಳದ ಬಿಸಿಯಲ್ಲಿ ಬೆಂದು ಮೇಲೆ ಬಂದ ಕಲ್ಲು. ವಯಸ್ಸಿನಲ್ಲೂ ಗುಣದಲ್ಲೂ ಒಂದಕ್ಕೊಂದು ಹೊಂದದ ಇವೆಲ್ಲವನ್ನೂ ಸೀಳಿಕೊಂಡು ತಾಪಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಘಟ್ಟದ ಸಾಲು ಸಾಗುತ್ತದೆ. ಪಾಲಕ್ಕಾಡಿನ ಕಂಡಿಯಲ್ಲಿ ಬಿಟ್ಟರೆ ಎಲ್ಲಿಯೂ ದೊಡ್ಡದಾಗಿ ತುಂಡಾಗಿಲ್ಲ, ಕಡಲಿನ ಜೊತೆ ಬಿಟ್ಟಿಲ್ಲ. ಆ ಗೆರೆಯನ್ನು ಎಳೆದದ್ದು ಕಲ್ಲಲ್ಲ ಎಂಬುದು ಇಷ್ಟರಿಂದಲೇ ಖಚಿತ. ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ. ನಮ್ಮ ಪ್ರವಾಸಿ ಫಲಕಗಳು ಇವೆರಡನ್ನೂ ಒಂದೇ ಮಾಡಿ ಹೇಳುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಸಹ್ಯಾದ್ರಿಯ ಸೊಗಸೆಲ್ಲ ಇರುವುದು ಈ ವ್ಯತ್ಯಾಸದಲ್ಲೇ.

ದೂರ ಸರಿದ ಹೋಳು ಯಾವುದು? ಮಡಗಾಸ್ಕರ್. ಗೊಂಡ್ವಾನಾ ಎಂಬ ಮಹಾಖಂಡ ಒಡೆದು ಚೂರಾಗುತ್ತಿದ್ದ ಕಾಲದಲ್ಲಿ ಭಾರತವೂ ಮಡಗಾಸ್ಕರವೂ ಇನ್ನೂ ಅಂಟಿಕೊಂಡೇ ಇದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಅವೂ ಬೇರೆಯಾದವು. ಈಗ ನಕಾಶೆ ತೆಗೆದು ಆ ದ್ವೀಪವನ್ನು ನೋಡಿ. ಅದರ ಪೂರ್ವದ ಕರಾವಳಿಗೆ ಹತ್ತಿರದಲ್ಲೇ ಕಡಿದಾದ ಗೋಡೆಯಿದೆ, ಅಲ್ಲಿಂದ ಪಶ್ಚಿಮಕ್ಕೆ ನೆಲ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಉದ್ದನೆಯ ನದಿಗಳೆಲ್ಲ ಪಶ್ಚಿಮಕ್ಕೇ ಹರಿಯುತ್ತವೆ. ನಮ್ಮ ಘಟ್ಟ ಕನ್ನಡಿಯಲ್ಲಿ ಕಂಡರೆ ಹೀಗೆಯೇ ಇರುತ್ತದೆ. ದ್ವೀಪದ ಈಶಾನ್ಯದ ಆಂಟೊಂಗಿಲ್ ಕೊಲ್ಲಿಯ ಸುತ್ತಲಿನ ಪುರಾತನ ಶಿಲೆಗಳು ನಮ್ಮ ಧಾರವಾಡ ನೆಲೆಗಟ್ಟಿನದೇ ತುಂಡೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಮಲೆನಾಡಿನ ಕಲ್ಲಿನ ಒಡಹುಟ್ಟು ಕಡಲಿನಾಚೆ, ಆಫ್ರಿಕದ ಮಗ್ಗುಲಲ್ಲಿ ಇದೆ ಎಂದು ತಿಳಿದ ದಿನದಿಂದ ಅರಬ್ಬೀ ಸಮುದ್ರವನ್ನು ನಾನು ನೋಡುವ ರೀತಿಯೇ ಬದಲಾಯಿತು.

ಅಗಲಿಕೆ ಅಲ್ಲಿಗೆ ನಿಲ್ಲಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು ಲಾವಾ ಉಕ್ಕಿತು. ಇಂದಿಗೂ 5 ಲಕ್ಷ ಚದರ ಕಿ.ಮೀ.ನಷ್ಟು ಜಾಗದಲ್ಲಿ ಆ ಕಲ್ಲು ಉಳಿದಿದೆ. ನಮ್ಮ ಬೆಳಗಾವಿ, ವಿಜಯಪುರಗಳ ಕಪ್ಪು ಎರೆಮಣ್ಣು ಅದರದೇ ಪುಡಿ. ಅದೇ ಹೊತ್ತಿಗೆ ಸೀಶೆಲ್ಸ್ ದ್ವೀಪಗಳಿರುವ ತುಂಡು ಕಳಚಿಕೊಂಡು ಹೋಯಿತು. ಆ ಲಾವಾ ಎಬ್ಬಿಸಿದ ಆಳದ ಬಿಸಿ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎನ್ನುವುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಅಲ್ಲಿನ ಜ್ವಾಲಾಮುಖಿ ಇನ್ನೂ ಉರಿಯುತ್ತಲೇ ಇದೆ. ಅದರ ಮೇಲಿನಿಂದ ದಾಟಿ ಬಂದವರು ನಾವು.

ಇನ್ನು ನದಿಗಳ ಮಾತು. ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ ಹುಟ್ಟುತ್ತವೆ. ನೇತ್ರಾವತಿಯ ಮೂಲವೂ ಅಲ್ಲೇ ಎಂದು ಜನ ಹೇಳುತ್ತಾರೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ ಭದ್ರೆಯರು ಪಕ್ಕದಲ್ಲೇ ಇರುವ ಆ ಕಡಲಿಗೆ ಬೆನ್ನು ಹಾಕಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ, ಇಡೀ ದಖನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಬಿರಿಯುವ ಮುನ್ನ ನೆಲ ಪಶ್ಚಿಮದಲ್ಲಿ ಉಬ್ಬಿ ಪೂರ್ವಕ್ಕೆ ವಾಲಿತ್ತು, ಹಳೆಯ ನದಿಗಳು ಆ ವಾಲಿಗೆ ಇಂದಿಗೂ ನಿಷ್ಠವಾಗಿವೆ. ಪಶ್ಚಿಮದ ನದಿಗಳ ಸ್ವಭಾವವೇ ಬೇರೆ. ಗಿಡ್ಡ, ಚುರುಕು, ಮುಂಗಾರಿನ ಮಳೆಯೆಲ್ಲ ಅವುಗಳ ಪಾಲು. ಅವು ಬುಡದಿಂದ ಹಿಂದಕ್ಕೆ ಕೊರೆಯುತ್ತ ಘಟ್ಟದ ಗೋಡೆಯನ್ನು ಕಡಲಿನಿಂದ ಒಳನಾಡಿಗೆ ಸರಿಸುತ್ತ ಬಂದಿವೆ. ತೀರ್ಥಹಳ್ಳಿ ಬಳಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮೇಲ್ನಾಡಿನಲ್ಲಿ ವಾಯವ್ಯಕ್ಕೆ ಸಾವಧಾನವಾಗಿ ಹರಿದು, ಜೋಗದಲ್ಲಿ ಒಮ್ಮೆಲೇ 253 ಮೀಟರ್ ಕೆಳಗೆ ಧುಮುಕಿ ಪಶ್ಚಿಮಕ್ಕೆ ತಿರುಗುತ್ತಾಳೆ. ಧಾರವಾಡದ ಕಡೆಯಿಂದ ಬರುವ ಬೇಡ್ತಿಗೂ ಮಾಗೋಡಿನಲ್ಲಿ ಅದೇ ಗತಿ. ಕೆಳಗಿನ ತೊರೆಗಳು ಹಿಂದಕ್ಕೆ ಕೊರೆಯುತ್ತ ಬಂದು ಮೇಲಿನ ನದಿಯನ್ನು ಸೆಳೆದುಕೊಂಡ ಗುರುತುಗಳಿವು. ಜೋಗವನ್ನು ನೋಡುವ ಕಣ್ಣಿಗೆ ಇಷ್ಟು ಗೊತ್ತಿದ್ದರೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ಹೆಸರುಗಳ ಹಂಗಿಲ್ಲದೆಯೂ ಅರ್ಧ ದಿನ ಅಲ್ಲಿ ಕೂರಬಹುದು.

ಇಷ್ಟು ಕೊರೆದರೂ ಘಟ್ಟ ಏಕೆ ಸವೆದು ಸಮವಾಗಲಿಲ್ಲ? ಮಲ್ಪೆ ಬಂದರಿನಲ್ಲಿ ಮೀನು ಇಳಿಸುತ್ತಿದ್ದಂತೆ ದೋಣಿ ನೀರಿನಿಂದ ಮೇಲೇಳುತ್ತದಲ್ಲ, ನೆಲವೂ ಹಾಗೆಯೇ. ಮಳೆ ಕೊಚ್ಚಿಕೊಂಡು ಹೋದಷ್ಟು ಹೊರೆ ಇಳಿದು, ಅಡಿಯ ಮೆತುವಾದ ಪದರದ ಮೇಲೆ ಆ ಅಂಚು ಕೊಂಚಕೊಂಚವೇ ಮೇಲಕ್ಕೆ ಬರುತ್ತದೆ. ಸವೆತವೇ ಘಟ್ಟವನ್ನು ಎತ್ತರದಲ್ಲಿ ಉಳಿಸಿದೆ.

ಕರಾವಳಿಯವರು ಮನೆ ಕಟ್ಟುವ ಮುರಕಲ್ಲು ಇದೇ ಮಳೆಯ ಸೃಷ್ಟಿ. ಲಕ್ಷಾಂತರ ವರ್ಷ ನೀರು ಇಂಗಿ ಇಂಗಿ ಗಟ್ಟಿ ಶಿಲೆಯ ಸತ್ವ ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂಗಳಷ್ಟೇ ಉಳಿದ ಕೆಂಪುಕಲ್ಲು. ಈ ಬಗೆಯ ಕಲ್ಲಿನೊಳಗಿನ ಮ್ಯಾಂಗನೀಸ್ ಖನಿಜಗಳ ವಯಸ್ಸು ಅಳೆದವರಿಗೆ ಕರಾವಳಿಯಲ್ಲಿ ಸುಮಾರು 4.5 ಕೋಟಿ ವರ್ಷ ಹಳೆಯವು ಸಿಕ್ಕಿವೆ. ಎಂದರೆ ಆ ಹೊತ್ತಿಗಾಗಲೇ ಘಟ್ಟದ ಕೆಳಗು, ಘಟ್ಟದ ಮೇಲು ಎಂಬ ಭಾಗ ಆಗಿತ್ತು. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣಿರುತ್ತದೆ. ಒಣಗಿದಾಗ ಗಟ್ಟಿ, ನೀರು ಕುಡಿದರೆ ಜಾರಿಹೋಗುವ ಮಣ್ಣು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲಿಸಿದಾಗ ಮೇಲಿನ ಭಾರ ಹೊರಲು ಉಳಿಯುವುದು ಇಂಥ ಸಡಿಲ ಮಣ್ಣೇ. ಕೊಡಗಿನ 2018ರ ಆಗಸ್ಟಿನ, ಅಂಕೋಲಾದ ಶಿರೂರಿನ 2024ರ ಜುಲೈನ ಭೂಕುಸಿತಗಳು ನಮ್ಮೆದುರಿಗಿವೆ. ಘಟ್ಟದಲ್ಲಿ ರಸ್ತೆ ಮಾಡುವವರು ಮೊದಲು ಮಣ್ಣು ತಿಳಿದವರ ಮಾತು ಕೇಳಬೇಕು. ಇದರಲ್ಲಿ ಎರಡನೇ ಅಭಿಪ್ರಾಯಕ್ಕೆ ಜಾಗವಿದೆಯೆಂದು ನನಗೆ ಅನ್ನಿಸುವುದಿಲ್ಲ.

ಅಗಲಿಕೆಯ ಆ ಗಳಿಗೆಯನ್ನು ಕೈಯಿಂದ ಮುಟ್ಟಿ ನೋಡುವ ಆಸೆಯುಳ್ಳವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳಿವೆ. ಅಲ್ಲಿನ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ. ಆರುತ್ತ ಕುಗ್ಗಿ, ಐದು ಮೂಲೆ ಆರು ಮೂಲೆಗಳಾಗಿ ಸೀಳಿ ನಿಂತಿವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಕಡಲು ಶಾಂತವಾದ ಮೇಲೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಒಂದು ಚೂರನ್ನೂ ಕಿತ್ತು ತರಬೇಡಿ.