ಆಸ್ಪತ್ರೆ ಹಣ್ಣು ಕುಳಲಿಗೆ ಬಂತು

ನಮ್ಮ ಕಡೆ ಸೇಬು ಅಂದರೆ ಆಸ್ಪತ್ರೆ ಹಣ್ಣು. ಜಮಖಂಡಿ ಇರಲಿ, ಬನಹಟ್ಟಿ ಇರಲಿ, ಸೇಬಿನ ಚೀಲ ಹಿಡಿದು ಹೊರಟವರನ್ನು ಕಂಡರೆ "ಯಾರಿಗೆ ಆರಾಮಿಲ್ಲರಿ?" ಅನ್ನುವುದೇ ಮೊದಲ ಪ್ರಶ್ನೆ. ಪೇರಲ ಹಣ್ಣಿಗೆ ಈ ಮರ್ಯಾದೆ ಇಲ್ಲ. ಮೈಗೆ ಮೇಣ ಸವರಿಸಿಕೊಂಡು, ಹಣೆಗೆ ಚೀಟಿ ಅಂಟಿಸಿಕೊಂಡು ದೂರದಿಂದ ಬಂದದ್ದಕ್ಕೆ ಸಲ್ಲುವ ಮರ್ಯಾದೆ ಅದು. ರೋಗಿ ಒಂದು ಹೋಳು ತಿಂದರೆ ಹೆಚ್ಚು, ಉಳಿದದ್ದು ಪಕ್ಕ ಕುಂತವರ ಪಾಲು.

ಅಂಥ ಹಣ್ಣು ಈಗ ನಮ್ಮ ಬಾಗಲಕೋಟೆ ಜಿಲ್ಲೆಯ ಕುಳಲಿಯಲ್ಲೇ ಬಿಟ್ಟಿದೆ. ಅಲ್ಲಿನ ರೈತ ಶ್ರೀಶೈಲ ತೇಲಿಯವರ ಹೆಸರನ್ನು ಪ್ರಧಾನಿಯವರು 2025ರ ಏಪ್ರಿಲ್ 27ರ 'ಮನ್ ಕೀ ಬಾತ್'ನಲ್ಲಿ ಎತ್ತಿದರು. 35 ಡಿಗ್ರಿ ದಾಟಿದ ಬಿಸಿಲಲ್ಲೂ ಗಿಡ ಫಲ ಕೊಟ್ಟಿದೆ ಎಂಬ ಮೆಚ್ಚುಗೆ. ಬೀಳಗಿಯವರಿಗೆ ನಗು ಬಂದಿರಬೇಕು. 35 ಅಂದರೆ ನಮಗೆ ತಂಪಿನ ದಿನ!

ಸೇಬಿನ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಜಾತಿ. ಗುಡ್ಡಗಾಡಿನ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆ ಬೇಕು, ಆಮೇಲೇ ಎಚ್ಚರ. ಇಸ್ರೇಲಿನ 'ಅನ್ನಾ' ತಳಿಗೆ ಇನ್ನೂರು ಮುನ್ನೂರು ಗಂಟೆ ಸಾಕು. ಹಿಮಾಚಲದ ಬಿಲಾಸಪುರ ಜಿಲ್ಲೆಯ ಹರಿಮನ್ ಶರ್ಮಾ ಬೆಳೆಸಿದ 'ಎಚ್‌ಆರ್‌ಎಂಎನ್-99' ಕೂಡ ಬಯಲಿಗೆ ಒಗ್ಗುವ ತಳಿ. ಅದಕ್ಕೇ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆದರೆ ಘಟಪ್ರಭೆ ದಂಡೆಯಲ್ಲಿ ಆ ಇನ್ನೂರು ಗಂಟೆಯೂ ಎಲ್ಲಿಂದ ತರುವುದು?

ಅದಕ್ಕೊಂದು ಉಪಾಯ ಉಂಟು. ಇಂಡೋನೇಷ್ಯಾದ ಮಲಂಗ್ ಕಡೆ ಚಳಿಗಾಲವೇ ಇಲ್ಲ, ಆದರೂ ಸೇಬು ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಗಿಡದ ಎಲೆಯನ್ನೆಲ್ಲ ಕೈಯಿಂದ ತರಿದು ಬೋಳು ಮಾಡಿದರೆ ಗಿಡ ಚಿಗುರಿ ಹೂ ಬಿಡುತ್ತದೆ. ನಮ್ಮ ದಾಳಿಂಬೆಯವರಿಗೆ ಇದೇನು ಹೊಸದೆ? ನೀರು ನಿಲ್ಲಿಸಿ, ಎಲೆ ಉದುರಿಸಿ, ಟೊಂಗೆ ಚಾಟ್ನಿ ಮಾಡಿ, ಮತ್ತೆ ನೀರು ಬಿಟ್ಟು ಬಹಾರ ಹಿಡಿಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ದುಂಡಾಣು ಅಂಗಮಾರಿ ಬಂದು ಎಷ್ಟೋ ದಾಳಿಂಬೆ ತೋಟ ಹಾಳಾದವು, ಕಲಿತ ವಿದ್ಯೆ ಮಾತ್ರ ಕೈಯಲ್ಲಿ ಉಳಿದಿದೆ. ಕಬ್ಬಿನವರ ಮಾತು ಬೇರೆ. "ನೀರ ಬಿಟ್ರ ಸಾಕ್ರಿ, ತಾನ ಬೆಳೀತೈತಿ" ಅನ್ನುವವರಿಗೆ ಎಲೆ ಎಲೆ ಬಿಡಿಸುವ ಕೆಲಸ ಒಗ್ಗಲಿಕ್ಕಿಲ್ಲ.

ಇನ್ನು ಅನ್ನಾ ಹಣ್ಣಿನ ವಿಚಾರ. ಹಸಿರು ಬೆರೆತ ಹಳದಿ ಮೈ, ಬಿಸಿಲು ಬಿದ್ದ ಮಗ್ಗುಲಿಗಷ್ಟೇ ಕೆಂಪು. ಸೇಬಿಗೆ ಬಣ್ಣ ಏರಬೇಕಾದರೆ ರಾತ್ರಿ ತಂಪಿರಬೇಕು, ಅದು ನಮ್ಮಲ್ಲಿ ಕಷ್ಟ. ಆದರೆ ಕಚ್ಚಿದರೆ ಕರಕ್ ಎಂದು ಮುರಿದು ತುಟಿಯಂಚಿಗೆ ರಸ ಇಳಿಯುತ್ತದೆ. ಸಿಹಿಯ ಬೆನ್ನಿಗೆ ಒಂಚೂರು ಹುಳಿ. ಎಳೆಗಾಯಿಯನ್ನು ಹೆಚ್ಚಿ ಉಪ್ಪು, ಖಾರಪುಡಿ, ಮಹಾಲಿಂಗಪುರದ ಬೆಲ್ಲ ಕಲಸಿದರೆ ರೊಟ್ಟಿಗೆ ನೆಂಚಿಕೊಳ್ಳಲು ಆಯಿತು. ಮೆತ್ತಗಾದದ್ದನ್ನು ತುಪ್ಪದಲ್ಲಿ ಬಾಡಿಸಿ ಶಿರಾಕ್ಕೆ ಹಾಕಿ.

ಅನ್ನಾದ ದೋಷ ಒಂದೇ, ಬಹಳ ದಿನ ಇಟ್ಟರೆ ಹಿಟ್ಟು ಹಿಟ್ಟಾಗುತ್ತದೆ. ಕಾಶ್ಮೀರದ ಹಣ್ಣಿನ ಹಾಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಅದಕ್ಕಿಲ್ಲ. ಹಾಗಂತ ಗಾಬರಿ ಬೇಡ: ಬಯಲಿನ ಸೇಬು ಮೇ-ಜೂನ್ ಹೊತ್ತಿಗೆ ಬರುತ್ತದೆ, ಆಗ ಅಂಗಡಿಯಲ್ಲಿರುವ ದೇಶದ ಸೇಬು ಹಿಂದಿನ ವರ್ಷ ಕೊಯ್ದು ಶೀತಗೃಹದಲ್ಲಿಟ್ಟದ್ದು. ಬೆಳಿಗ್ಗೆ ಕೊಯ್ದು ಸಂಜೆಯೊಳಗೆ ಮುಧೋಳದ ಸಂತೆಯಲ್ಲಿ ಮಾರಿದರೆ ಅದರ ಮುಂದೆ ಯಾವ ಮೇಣದ ಹೊಳಪೂ ನಿಲ್ಲದು.

ಸಸಿ ಮಾರುವವರ ಮಾತಿಗೆ ಮರುಳಾಗಿ ಎಕರೆಗಟ್ಟಲೆ ಕಬ್ಬು ಕಿತ್ತು ಹಾಕಬೇಡಿ. ಮೊದಲು ಹಣ್ಣು ಬಿಟ್ಟ ತೋಟಕ್ಕೆ ಹೋಗಿ, ಕೇಳಿ ತಿಂದು ನೋಡಿ. ಆಮೇಲೆ ಬಾವಿ ಪಕ್ಕ ಹತ್ತು ಗಿಡ ನೆಡಿ. ಅನ್ನಾ ಒಂದನ್ನೇ ನೆಟ್ಟರೆ ಕಾಯಿ ಸರಿಯಾಗಿ ಕಟ್ಟದು. ಪರಾಗಕ್ಕೆಂದು ಡಾರ್ಸೆಟ್ ಗೋಲ್ಡನ್ ತಳಿಯ ಎರಡು ಗಿಡವಾದರೂ ಇರಲಿ. ಮೂರನೆಯ ವರ್ಷದ ಫಸಲು ನೋಡಿ ಮುಂದಿನ ಮಾತಾಡೋಣ.